ಓದುಗರ ಪ್ರಶ್ನೆ: ಟರ್ಮಿನಲ್‌ನ ಬಿ.ಸಿ. ಲೆಕ್ಕ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಲೆಕ್ಕವನ್ನು ಲಿನಕ್ಸ್ ಟರ್ಮಿನಲ್‌ನ ಬಿ.ಸಿ. ಕ್ಯಾಲ್ಕುಲೇಟರಿನಲ್ಲಿ ಮಾಡುತ್ತೇನೆ. ತಿಂಗಳ ಒಟ್ಟು ಖರ್ಚು 55500 ರೂಪಾಯಿಯಲ್ಲಿ ನೀರಿನ ಟ್ಯಾಂಕರಿಗೆ ಹೋದದ್ದು 18500. ಶೇಕಡಾವಾರು ತಿಳಿಯಲು 18500/55500*100 ಎಂದು ಕೊಟ್ಟರೆ 0 ಬರುತ್ತದೆ. ಏಕೆ?
— ಓದುಗರೊಬ್ಬರು, ಬಸವನಗುಡಿ

ಉತ್ತರ: ಗಣಿತದ ಪ್ರಕಾರ ನೀವು ಬರೆದದ್ದು ಸರಿಯಾಗಿಯೇ ಇದೆ. ಆದರೆ ಬಿ.ಸಿ. ಎಷ್ಟು ಅಂಕಿಗಳ ಸಂಖ್ಯೆಯನ್ನಾದರೂ ನಿಭಾಯಿಸಬಲ್ಲ ಭಾಷೆಯಾದ್ದರಿಂದ, 1/3ರಂತಹ ಮುಗಿಯದ ಭಾಗಾಕಾರವನ್ನು ಎಲ್ಲಿ ನಿಲ್ಲಿಸಬೇಕೆಂದು ಬಳಸುವವರೇ ಅದಕ್ಕೆ ಹೇಳಬೇಕಾಗುತ್ತದೆ. ಹಾಗೆ ಹೇಳುವ ಚರಕ್ಕೆ ‘ಸ್ಕೇಲ್’ ಎಂದು ಹೆಸರು. ನೀವು ಏನನ್ನೂ ಹೇಳದಿದ್ದರೆ ಅದರ ಬೆಲೆ 0, ಅಂದರೆ ದಶಮಾಂಶ ಬಿಂದುವಿನ ಮುಂದೆ ಒಂದು ಅಂಕಿಯೂ ಉಳಿಯುವುದಿಲ್ಲ. ಭಾಗಾಕಾರ ಮತ್ತು ಗುಣಾಕಾರಗಳು ಸಮಾನ ಆದ್ಯತೆಯಿಂದ ಎಡದಿಂದ ಬಲಕ್ಕೆ ನಡೆಯುವುದರಿಂದ, ಮೊದಲು 18500/55500 ಎಂಬುದು 0 ಆಗಿ, ಆಮೇಲೆ 100ರಿಂದ ಗುಣಿಸಿದರೂ 0 ಆಗಿಯೇ ಉಳಿಯುತ್ತದೆ.

ಸ್ಕೇಲ್=2 ಎಂದು ಕೊಟ್ಟ ಮಾತ್ರಕ್ಕೆ ತೊಂದರೆ ಪೂರ್ತಿ ನೀಗುವುದಿಲ್ಲ; ಆಗ ಭಾಗಲಬ್ಧ .33 ಆಗಿ, ಉತ್ತರ 33.00 ಎಂದು ಬರುತ್ತದೆ. ಗುಣಾಕಾರವನ್ನು ಮೊದಲಿಗೆ ತಂದು 18500*100/55500 ಎಂದು ಬರೆದರೆ 33.33 ಸಿಗುತ್ತದೆ. ಇದನ್ನು ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಹಣದ ಲೆಕ್ಕ ಬರೆಯುವವರು ಇನ್ನೊಂದನ್ನೂ ಗಮನಿಸಬೇಕು. ಬಿ.ಸಿ. ಹೆಚ್ಚಿನ ಅಂಕಿಗಳನ್ನು ಕತ್ತರಿಸುತ್ತದೆಯೇ ಹೊರತು ರೌಂಡ್ ಮಾಡುವುದಿಲ್ಲ. ಸ್ಕೇಲ್ 2 ಇದ್ದಾಗ 2/3ರ ಉತ್ತರ .67 ಅಲ್ಲ, .66. ಪೈಸೆಯವರೆಗೆ ಸರಿಯಾದ ಮೊತ್ತ ಬೇಕಿದ್ದರೆ ಸ್ಕೇಲ್ 4ರಲ್ಲಿ ಲೆಕ್ಕ ಮುಗಿಸಿ, ಬಳಿಕ ಸ್ಕೇಲನ್ನು 2ಕ್ಕೆ ಇಳಿಸಿ, ಬಂದ ಧನ ಸಂಖ್ಯೆಗೆ .005 ಕೂಡಿಸಿ 1ರಿಂದ ಭಾಗಿಸಿರಿ. ಶೇಕಡಾ ಚಿಹ್ನೆಯಾದ % ಇಲ್ಲಿ ಶೇಕಡಾವಾರನ್ನು ಕೊಡದೆ ಶೇಷವನ್ನು ಕೊಡುತ್ತದೆ. ಆ ಶೇಷವೂ ಸ್ಕೇಲನ್ನು ಅವಲಂಬಿಸಿರುವುದರಿಂದ 10%3 ಎಂಬುದು ಸ್ಕೇಲ್ 0 ಇದ್ದಾಗ 1, ಸ್ಕೇಲ್ 2 ಇದ್ದಾಗ .01 ಆಗುತ್ತದೆ. ಇಂತಹ ಕಡೆ ಯಂತ್ರ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲವಾದ್ದರಿಂದ, ತೆರೆಯ ಮೇಲೆ ಕಾಣುವ ದೋಷ ಸಂದೇಶಕ್ಕಿಂತ ಈ ಮೌನದ ತಪ್ಪುಗಳಿಗೇ ನಾವು ಹೆಚ್ಚು ಹೆದರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ಎಫ್‌ಎಫ್ ಎಂಬ ಹೆಕ್ಸಾಡೆಸಿಮಲ್ (ಹದಿನಾರರ ಆಧಾರದ) ಸಂಖ್ಯೆಯನ್ನು ದಶಮಾನಕ್ಕೆ ತರಲು, ಬಿ.ಸಿ.ಗೆ ಕೊಡುವ ಸಂಖ್ಯೆಯ ಆಧಾರವನ್ನು ಹೇಳುವ ಐಬೇಸ್=16, ಆಮೇಲೆ ಉತ್ತರದ ಆಧಾರವನ್ನು ಹೇಳುವ ಓಬೇಸ್=10 ಎಂದು ಕೊಟ್ಟೆ. ಉತ್ತರವಾಗಿ ಎಫ್‌ಎಫ್ ಎಂದೇ ಮರಳಿ ಬಂತು.
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಜಯನಗರ

ಉತ್ತರ: ಐಬೇಸ್ 16 ಆದ ಕ್ಷಣದಿಂದ ನೀವು ಟೈಪ್ ಮಾಡುವ ಪ್ರತಿಯೊಂದು ಸಂಖ್ಯೆಯೂ ಹೆಕ್ಸಾಡೆಸಿಮಲ್ ಆಗಿಯೇ ಓದಲ್ಪಡುತ್ತದೆ, ಆದ್ದರಿಂದ ಓಬೇಸ್‌ಗೆ ನೀವು ಕೊಟ್ಟ 10 ಎಂಬುದು ವಾಸ್ತವದಲ್ಲಿ 16. ಓಬೇಸ್ ಮೊದಲಿನಿಂದಲೇ ದಶಮಾನದಲ್ಲಿರುವುದರಿಂದ ಅದನ್ನು ಮುಟ್ಟುವ ಅಗತ್ಯವೇ ಇಲ್ಲ, ಮುಟ್ಟದಿದ್ದರೆ 255 ಬರುತ್ತದೆ. ಬದಲಿಸಲೇಬೇಕಾದ ಸಂದರ್ಭದಲ್ಲಿ ಮೊದಲು ಓಬೇಸ್, ನಂತರ ಐಬೇಸ್ ಕೊಡಿ. ಮತ್ತೆ ದಶಮಾನಕ್ಕೆ ಮರಳಲು ಐಬೇಸ್=10 ಎಂದರೆ ಏನೂ ಬದಲಾಗದು; ಐಬೇಸ್‌ಗೆ ದೊಡ್ಡಕ್ಷರದ ‘ಎ’ ಕೊಡಿ, ಏಕೆಂದರೆ ಅದರ ಬೆಲೆ ಯಾವಾಗಲೂ ಹತ್ತು. ‘ಎ’ಯಿಂದ ‘ಎಫ್’ವರೆಗಿನ ಅಂಕಿಗಳನ್ನು ದೊಡ್ಡಕ್ಷರದಲ್ಲಿಯೇ ಬರೆಯಬೇಕೆಂಬುದನ್ನು ಮರೆಯದಿರಿ. ಸಣ್ಣಕ್ಷರಗಳು ಚರಗಳ ಹೆಸರುಗಳಾಗಿದ್ದು, ಬೆಲೆ ಕೊಡದ ಚರ ಸದ್ದಿಲ್ಲದೆ 0 ಎಂದು ಉತ್ತರಿಸುತ್ತದೆ.

ಪ್ರಶ್ನೆ: 1,25,000 ಎಂದು ಬರೆದರೆ ‘ಸಿಂಟ್ಯಾಕ್ಸ್ ಎರರ್’ ಬರುತ್ತದೆ. -2^2 ಎಂದರೆ -4ರ ಬದಲು 4 ಬರುತ್ತದೆ.
— ಓದುಗರೊಬ್ಬರು, ರಾಜಾಜಿನಗರ

ಉತ್ತರ: ಸಂಖ್ಯೆಯ ನಡುವೆ ಅಲ್ಪವಿರಾಮ ಸಲ್ಲದು, 125000 ಎಂದೇ ಬರೆಯಿರಿ. ಎರಡನೆಯದಕ್ಕೆ ಕಾರಣವೆಂದರೆ, ಸಂಖ್ಯೆಯ ಹಿಂದಿನ ಋಣ ಚಿಹ್ನೆಗೆ ಬಿ.ಸಿ. ಘಾತಕ್ಕಿಂತ ಹೆಚ್ಚಿನ ಆದ್ಯತೆ ಕೊಡುವುದರಿಂದ ಅದು -2ರ ವರ್ಗವನ್ನು ಲೆಕ್ಕ ಹಾಕಿದೆ. -(2^2) ಎಂದು ಆವರಣ ಹಾಕಿದರೆ -4 ಬರುತ್ತದೆ.