ಕೆರೆಯ ಹೂಳು ಯಾವ ಸರ್ಕಾರದ ಬಾಬತ್ತು?

ತುಮಕೂರು ಜಿಲ್ಲೆಯ ಓದುಗರೊಬ್ಬರ ಪತ್ರ: "ಹವಾಮಾನ ಬದಲಾವಣೆ ಎದುರಿಸಲು ದೆಹಲಿ ಗುರಿ ಹೇಳುತ್ತದೆ, ರಾಜ್ಯ ಕ್ರಿಯಾಯೋಜನೆ ತರುತ್ತದೆ, ಬೆಂಗಳೂರಿನ ಪಾಲಿಕೆಯೂ ಒಂದನ್ನು ಅಚ್ಚು ಹಾಕಿಸಿದೆ. ನಮ್ಮೂರ ಕೆರೆಯ ಹೂಳು ತೆಗೆಸಿ ಎಂದು ಪಂಚಾಯಿತಿಗೆ ಹೋದರೆ 'ಅದು ನಮ್ಮದಲ್ಲ' ಎನ್ನುತ್ತಾರೆ. ನೀವೂ ಸಮ್ಮೇಳನಗಳಿಗೆ ಪುಟಗಟ್ಟಲೆ ಕೊಡುತ್ತೀರಿ. ಇಷ್ಟು ಸರ್ಕಾರಗಳಲ್ಲಿ ನಮ್ಮನ್ನು ಕೇಳುವವರು ಯಾರು?"

ಸಂಪಾದಕರ ಉತ್ತರ:

ಸಮ್ಮೇಳನಗಳಿಗೆ ಪುಟ ಕೊಡುವುದನ್ನು ನಾವು ಬಿಡುವುದಿಲ್ಲ. ಅಲ್ಲಿ ಆಡಿದ ಮಾತು ನಿಮ್ಮ ಜಿಲ್ಲೆಗೇ ಬಂದು ಇಳಿದಿದೆಯಲ್ಲ! 2015ರಲ್ಲಿ ಕೇಂದ್ರ ಸರ್ಕಾರ ತನ್ನ ಸೌರವಿದ್ಯುತ್ ಗುರಿಯನ್ನು 20 ಸಾವಿರ ಮೆಗಾವಾಟ್‌ನಿಂದ ಒಂದು ಲಕ್ಷಕ್ಕೆ ಏರಿಸಿತು. ಆ ವರ್ಷದ ಕೊನೆಗೆ ಪ್ಯಾರಿಸ್‌ನ ಹವಾಮಾನ ಸಮ್ಮೇಳನದಲ್ಲಿ ಎದೆಯುಬ್ಬಿಸಿ ತೋರಿಸಿದ್ದೂ ಇದನ್ನೇ. ಅದೇ ವರ್ಷ ಕೇಂದ್ರ ಮತ್ತು ರಾಜ್ಯದ ಸಂಸ್ಥೆಗಳು ಸೇರಿ ಒಂದು ಕಂಪನಿ ಕಟ್ಟಿದವು. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಸೇರಿದಂತೆ ಐದು ಊರುಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಉದ್ಯಾನ ಎದ್ದಿತು. ಭೂಸ್ವಾಧೀನ ಮಾಡಲಿಲ್ಲ, ಗುತ್ತಿಗೆಗೆ ಪಡೆದರು: ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಜಮೀನು ರೈತನ ಹೆಸರಿನಲ್ಲೇ ಉಳಿಯಿತು.

ಹಲವು ಮಟ್ಟದ ಸರ್ಕಾರಗಳು ಒಂದೇ ದಿಕ್ಕಿಗೆ ನಡೆದದ್ದಕ್ಕೆ ರಾಜ್ಯದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಕಾಣುವುದಿಲ್ಲ. ನಡೆದದ್ದೇಕೆ? ದೆಹಲಿಗೆ ಲೆಕ್ಕಕ್ಕೆ ಮೆಗಾವಾಟ್ ಸಿಕ್ಕಿತು, ಬೆಂಗಳೂರಿಗೆ ಕರೆಂಟು ಸಿಕ್ಕಿತು, ಪಹಣಿಯಲ್ಲಿ ಹೆಸರಿದ್ದವನಿಗೆ ಬಾಡಿಗೆ ಸಿಕ್ಕಿತು. ಪಹಣಿಯಲ್ಲಿ ಹೆಸರಿಲ್ಲದವರು, ಅಂದರೆ ಕಡಲೆಕಾಯಿ ಕೀಳಲು ಹೋಗುತ್ತಿದ್ದ ಕೂಲಿಯವರು, ಬೀಳು ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರು, ಯಾವ ಕಾಲಂನಲ್ಲೂ ಇರಲಿಲ್ಲ. ಅವರಲ್ಲಿ ಕೆಲವರಿಗೆ ಫಲಕ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸ ಸಿಕ್ಕಿತು. ಎಲ್ಲರಿಗೂ ಅಲ್ಲ.

ಹೊಗೆ ತಗ್ಗಿಸುವ ಕೆಲಸಕ್ಕೆ ಟೆಂಡರು ಕರೆಯಬಹುದು, ಮೀಟರು ಹಾಕಬಹುದು, ಹೂಡಿಕೆದಾರರು ಬರುತ್ತಾರೆ. ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಅರ್ಧದಷ್ಟು ಕಲ್ಲಿದ್ದಲು, ತೈಲಗಳ ಹಂಗಿಲ್ಲದ ಮೂಲಗಳದ್ದಾಗಬೇಕು ಎಂಬ 2030ರ ಗುರಿಯನ್ನು ಭಾರತ 2025ರಲ್ಲೇ ಮುಟ್ಟಿದ್ದು ಹಾಗೆ. (ಸ್ಥಾಪಿತ ಸಾಮರ್ಥ್ಯ ಎಂಬ ಮಾತನ್ನು ಗಮನಿಸಿ: ಅದು ಘಟಕಗಳು ಹೆಚ್ಚೆಂದರೆ ಎಷ್ಟು ಕೊಡಬಲ್ಲವು ಎಂಬ ಲೆಕ್ಕ. ನಿಜವಾಗಿ ಉತ್ಪಾದನೆಯಾಗುವ ಕರೆಂಟಿನಲ್ಲಿ ಸಿಂಹಪಾಲು ಇನ್ನೂ ಕಲ್ಲಿದ್ದಲಿನದೇ.) ಆದರೆ ಬದಲಾದ ಮಳೆಗೆ ಹೊಂದಿಕೊಂಡು ಬದುಕುವ ಕೆಲಸ, ಅಂದರೆ ನಿಮ್ಮ ಕೆರೆ, ಬದು, ಮೇವು, ಕುಡಿಯುವ ನೀರು, ಇವಕ್ಕೆ ಮೀಟರಿಲ್ಲ. ಕೃಷಿ ಮತ್ತು ನೀರನ್ನು ಸಂವಿಧಾನ ರಾಜ್ಯಕ್ಕೆ ಬಿಟ್ಟಿದೆ. ಪಂಚಾಯಿತಿಗಳಿಗೆ ವಹಿಸಬಹುದು ಎಂದು ಹನ್ನೊಂದನೇ ಅನುಸೂಚಿ ಪಟ್ಟಿ ಮಾಡಿದ 29 ವಿಷಯಗಳಲ್ಲಿ ಸಣ್ಣ ನೀರಾವರಿ, ಜಲಾನಯನ, ಮೇವು ಎಲ್ಲವೂ ಇವೆ. ವಿಷಯ ಇಳಿಯಿತು, ಹಣ ಇಳಿಯಲಿಲ್ಲ.

ಇದು ಎಲ್ಲಕ್ಕಿಂತ ಚೆನ್ನಾಗಿ ಬಯಲಾದದ್ದು 2023ರ ಬರದಲ್ಲಿ. ಅಂದು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಘೋಷಿಸುವುದು ರಾಜ್ಯದ ಕೆಲಸ, ಆದರೆ ಬರವನ್ನು ಅಳೆಯುವ ಕೈಪಿಡಿ ಕೇಂದ್ರ ಕೃಷಿ ಇಲಾಖೆಯದು, 2016ರದು. ಅದರ ಪ್ರಕಾರ ಮಳೆ ಕೊರತೆಯೊಂದೇ ಸಾಲದು. ಒಣ ವಾರಗಳನ್ನು ಎಣಿಸಬೇಕು, ಉಪಗ್ರಹಕ್ಕೆ ಕಂಡ ಪೈರಿನ ಹಸಿರು, ಮಣ್ಣಿನ ತೇವ, ಅಂತರ್ಜಲ ನೋಡಬೇಕು, ಆಮೇಲೆ ಆಯ್ದ ಹಳ್ಳಿಗಳ ಹೊಲಕ್ಕೆ ಇಳಿದು ತಾಳೆ ಹಾಕಬೇಕು. ಬಳಿಕ ಪರಿಹಾರಕ್ಕಾಗಿ ಕೇಂದ್ರಕ್ಕೆ ಮನವಿ, ಕೇಂದ್ರ ತಂಡದ ಭೇಟಿ, ಗೃಹ ಸಚಿವರ ಅಧ್ಯಕ್ಷತೆಯ ಸಮಿತಿ. ಸೆಪ್ಟೆಂಬರ್‌ನಲ್ಲಿ ಮನವಿ ಕೊಟ್ಟ ರಾಜ್ಯ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಕೇಳಿದ್ದು 18,171 ಕೋಟಿ, ಏಪ್ರಿಲ್ ಕೊನೆಗೆ ಬಂದದ್ದು ಸುಮಾರು 3,454 ಕೋಟಿ. ಕೇಳಿದ ಮೊತ್ತದಲ್ಲಿ 12,577 ಕೋಟಿ ಬದುಕು ಕಳೆದುಕೊಂಡ ಕುಟುಂಬಗಳ ಪರಿಹಾರದ ಬಾಬ್ತು. ಜಗಳ ಹೆಚ್ಚಾಗಿ ಅದರ ಸುತ್ತಲೇ ಇತ್ತು ಎಂಬುದನ್ನೂ ಹೇಳಬೇಕು. ಎರಡೂ ಕಡೆಯವರು ಲೋಕಸಭಾ ಚುನಾವಣೆಯ ಮೇಲೆ ಒಂದು ಕಣ್ಣಿಟ್ಟೇ ಮಾತಾಡುತ್ತಿದ್ದರು.

ಈಗ ಎರಡು ಅಂಕಿಗಳನ್ನು ಅಕ್ಕಪಕ್ಕ ಇಡಿ. ಪಾವಗಡದಲ್ಲಿ ಫಲಕದ ಕೆಳಗಿನ ಎಕರೆಗೆ ವರ್ಷಕ್ಕೆ 21 ಸಾವಿರಕ್ಕೆ ಕಡಿಮೆಯಿಲ್ಲ, ಮಳೆ ಬರಲಿ ಬಿಡಲಿ. ಆಚೆ ಹೊಲದಲ್ಲಿ ಕಡಲೆಕಾಯಿ ಒಣಗಿದರೆ ಆ ಬರದ ವೇಳೆ ಇದ್ದ ಪರಿಹಾರದ ನಿಯಮದಂತೆ ಮಳೆಯಾಶ್ರಿತ ಹೆಕ್ಟೇರಿಗೆ 8,500 ರೂಪಾಯಿ, ಅಂದರೆ ಎಕರೆಗೆ ಸುಮಾರು 3,400, ಅದೂ ಎರಡು ಹೆಕ್ಟೇರಿಗೆ ಮಾತ್ರ, ಅದೂ ಮುಂದಿನ ಬಿತ್ತನೆ ಹತ್ತಿರ ಬಂದಾಗ. ಎರಡನ್ನೂ ಇದೇ ಸರ್ಕಾರಗಳೇ ನಿಗದಿ ಮಾಡಿವೆ.

ಮಾಹಿತಿಯ ಕೊರತೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲೆಲ್ಲ ಮಳೆಮಾಪಕಗಳಿವೆ. ಅವು ಹದಿನೈದು ನಿಮಿಷಕ್ಕೊಮ್ಮೆ ಯಲಹಂಕದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಲೆಕ್ಕ ಕಳಿಸುತ್ತವೆ. ನಿಮ್ಮ ಪಂಚಾಯಿತಿಯಲ್ಲಿ ಎಷ್ಟು ಹನಿ ಬಿತ್ತೆಂದು ಬೆಂಗಳೂರಿಗೆ ಗೊತ್ತಿರುತ್ತದೆ.

ಕ್ರಿಯಾಯೋಜನೆಗಳ ಬಗ್ಗೆ ಹೆಚ್ಚು ಹೇಳಲು ಮನಸ್ಸಿಲ್ಲ. 2008ರಲ್ಲಿ ರಾಷ್ಟ್ರೀಯ ಯೋಜನೆ ಬಂತು, ಅದರ ಬೆನ್ನಿಗೆ ರಾಜ್ಯದ್ದೂ ಬಂತು. ಅದರಲ್ಲಿ ಬಹಳಷ್ಟು ಇಲಾಖೆಗಳು ಹೇಗೂ ಮಾಡುತ್ತಿದ್ದ ಕೆಲಸಗಳೇ. ಬೆಂಗಳೂರು ಪಾಲಿಕೆಯ ಯೋಜನೆ 2023ರ ನವೆಂಬರಿನದು. ಓದಲು ಚೆನ್ನಾಗಿದೆ. ಆದರೆ ನಗರದ ಬಸ್ಸು, ಮೆಟ್ರೊ, ಕರೆಂಟು, ಕುಡಿಯುವ ನೀರು, ಇವುಗಳಲ್ಲಿ ಒಂದೂ ಪಾಲಿಕೆಯ ಕೈಯಲ್ಲಿರಲಿಲ್ಲ. ಕೈಯಲ್ಲಿದ್ದದ್ದು ಕಸ, ರಾಜಕಾಲುವೆಯಂಥ ಕೆಲಸಗಳು. ಅವುಗಳ ಪಾಡು ನಿಮಗೂ ಗೊತ್ತಿದೆ.

ಹಾಗಾಗಿ ಯಾರನ್ನು ಹಿಡಿದು ಕೇಳಬೇಕು ಎಂದರೆ ನಮ್ಮ ಉತ್ತರ: ರಾಜ್ಯವನ್ನು. ದೆಹಲಿ ಅನ್ಯಾಯ ಮಾಡಿತು ಎನ್ನುವ ಬೆಂಗಳೂರು, ತಾನು ಪಂಚಾಯಿತಿಗೆ ಕೊಡಬೇಕಾದ್ದನ್ನು ಎಷ್ಟು ಕೊಟ್ಟಿದೆ ಎಂದು ಕೇಳುವವರು ಕಡಿಮೆ.

ಇನ್ನು ನಿಮ್ಮ ಕೆರೆ. 'ನಮ್ಮದಲ್ಲ' ಎಂದದ್ದು ಸುಳ್ಳೇ ಇರಬೇಕೆಂದಿಲ್ಲ. ಅಚ್ಚುಕಟ್ಟು, ಅಂದರೆ ಕೆರೆಯ ನೀರುಣ್ಣುವ ಜಮೀನು, 40 ಹೆಕ್ಟೇರ್‌ವರೆಗೆ ಇದ್ದರೆ ಕೆರೆ ಪಂಚಾಯತ್ ರಾಜ್ ವ್ಯವಸ್ಥೆಯದು, ಮೀರಿದ್ದರೆ ಸಣ್ಣ ನೀರಾವರಿ ಇಲಾಖೆಯದು. ಅಂಗಳದ ಒತ್ತುವರಿ ತೆರವಿಗೆ ಮಾತ್ರ ತಹಶೀಲ್ದಾರರ ಬಳಿಗೇ ಹೋಗಬೇಕು. ಆದ್ದರಿಂದ ಮೊದಲು ಸರ್ವೆ ನಂಬರ್ ಮತ್ತು ಅಚ್ಚುಕಟ್ಟಿನ ಅಳತೆಯನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಅರ್ಜಿಗೆ ಹಿಂಬರಹ (ಕಚೇರಿಯ ಲಿಖಿತ ಉತ್ತರ) ತೆಗೆದುಕೊಳ್ಳದೆ ಬರಬೇಡಿ. 40ರ ಒಳಗಿದ್ದರೆ ಗ್ರಾಮಸಭೆಯಲ್ಲಿ ಹೂಳೆತ್ತುವ ಕೆಲಸವನ್ನು ಕ್ರಿಯಾಯೋಜನೆಗೆ ಸೇರಿಸಿ ನಡಾವಳಿಯಲ್ಲಿ ಬರೆಸಿ. ಮೀರಿದ್ದರೆ ಅದೇ ನಡಾವಳಿಯ ಪ್ರತಿಯೊಂದಿಗೆ ಸಣ್ಣ ನೀರಾವರಿ ಕಚೇರಿಗೆ ಹೋಗಿ. ಸಿಕ್ಕ ಹಿಂಬರಹದ ಪ್ರತಿಯನ್ನು ನಮಗೂ ಕಳಿಸಿ. ಕೆರೆಗೆ ಪುಟ ಮೀಸಲಿಡುತ್ತೇವೆ.