ಪ್ರೊಟೆಸ್ಟೆಂಟ್ ಪತ್ನಿ ಪರಮ ಪ್ರಸಾದ ಸ್ವೀಕರಿಸಬಹುದೇ?

ಕಥೋಲಿಕರಾದ ನಿಮ್ಮನ್ನು ಮದುವೆಯಾದ ಮಾತ್ರಕ್ಕೆ ನಿಮ್ಮ ಪ್ರೊಟೆಸ್ಟೆಂಟ್ ಪತ್ನಿಗೆ ಪ್ರತಿ ಭಾನುವಾರ ಪರಮ ಪ್ರಸಾದ (ಪೂಜೆಯಲ್ಲಿ ಕ್ರಿಸ್ತನ ಶರೀರವೆಂದು ನೀಡುವ ಪವಿತ್ರ ರೊಟ್ಟಿ) ಕೊಡಲು ಬರುವುದಿಲ್ಲ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 844ನೇ ವಿಧಿಯ ಪ್ರಕಾರ, ಮರಣದ ಅಪಾಯ ಇರಬೇಕು, ಇಲ್ಲವೇ ಧರ್ಮಾಧ್ಯಕ್ಷರು (ಬಿಷಪ್) ಒಪ್ಪುವಂಥ ಗಂಭೀರ ಅಗತ್ಯವಿರಬೇಕು. ಅದರ ಜೊತೆಗೆ ಅವರಿಗೆ ತಮ್ಮ ಸಭೆಯ ಪಾಸ್ಟರ್ ಸಿಗುವಂತಿರಬಾರದು; ತಾವಾಗಿಯೇ ಕೇಳಬೇಕು; ಈ ಸಂಸ್ಕಾರದ ಬಗ್ಗೆ ಕಥೋಲಿಕ ವಿಶ್ವಾಸವನ್ನೇ ವ್ಯಕ್ತಪಡಿಸಬೇಕು; ಯೋಗ್ಯ ಮನಃಸ್ಥಿತಿಯೂ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆಗದು. ಹೆಚ್ಚಿನವರು ಎಡವುವುದು ಪಾಸ್ಟರ್ ವಿಷಯದಲ್ಲೇ, ಅವರ ಚರ್ಚು ಪಕ್ಕದ ಬೀದಿಯಲ್ಲೇ ಇರುತ್ತದಲ್ಲ!

ಪತ್ನಿ ಆರ್ಥೊಡಾಕ್ಸ್ (ಪೂರ್ವದ ಪ್ರಾಚೀನ ಕ್ರೈಸ್ತ ಸಭೆಯವರು) ಆಗಿದ್ದರೆ ಮಾತು ಬೇರೆ: ತಾವಾಗಿ ಕೇಳಿ, ಯೋಗ್ಯ ಸಿದ್ಧತೆಯಿದ್ದರೆ ಸಾಕು. ಆದರೆ ಅವರ ಸ್ವಂತ ಸಭೆಯೇ ಬೇಡವೆನ್ನಬಹುದು, ಅದನ್ನೂ ಗೌರವಿಸಬೇಕು.

ಇನ್ನು ನೀವು ಪತ್ನಿಯ ಪ್ರೊಟೆಸ್ಟೆಂಟ್ ಚರ್ಚಿಗೆ ಹೋದಾಗ ಆರಾಧನೆಯಲ್ಲಿ ಕೂರಿ, ಹಾಡಿ, ಪ್ರಾರ್ಥಿಸಿ. ರೊಟ್ಟಿ, ದ್ರಾಕ್ಷಾರಸ ಮಾತ್ರ ಸ್ವೀಕರಿಸುವಂತಿಲ್ಲ. ಏಕೆಂದರೆ ಅಲ್ಲಿನ ಯಾಜಕದೀಕ್ಷೆಯನ್ನು (ಪಾಸ್ಟರ್ ಆಗಿ ಅಭಿಷೇಕಿಸುವುದನ್ನು) ಕಥೋಲಿಕ ಧರ್ಮಸಭೆ ಸಿಂಧುವೆಂದು ಒಪ್ಪುವುದಿಲ್ಲ.