ಕಲ್ಲಿದ್ದಲಿನ ಕರೆಂಟಲ್ಲೇ ಓಡುವುದಾದರೆ ಇಲೆಕ್ಟ್ರಿಕ್ ಕಾರಿನಿಂದ ಪರಿಸರಕ್ಕೆ ಏನು ಲಾಭ?

ಕರೆಂಟೆಲ್ಲ ಕಲ್ಲಿದ್ದಲಿನದ್ದೇ ಆದರೆ ಲಾಭ ಕಡಿಮೆ, ಇಲ್ಲದೆಯೂ ಹೋಗಬಹುದು. ಬೇರೆ ಮೂಲದ್ದೂ ಸೇರಿದರೆ ಲಾಭ ಇದೆ, ಆದರೆ ಮೊದಲ ದಿನದಿಂದಲೇ ಅಲ್ಲ. ಬ್ಯಾಟರಿ ತಯಾರಿಸುವಾಗಲೇ ತುಂಬಾ ಇಂಗಾಲ ಹೊರಬೀಳುತ್ತದೆ. ಹಾಗಾಗಿ ಶೋರೂಮಿನಿಂದ ಹೊರಡುವಾಗ ಈ ಕಾರಿನ ತಲೆ ಮೇಲೆ ಪೆಟ್ರೋಲ್ ಕಾರಿಗಿಂತ ಇಂಗಾಲದ ಸಾಲ ಜಾಸ್ತಿ. ಓಡಿದಷ್ಟೂ ಅದು ತೀರುತ್ತದೆ. ಯಾಕೆಂದರೆ ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚಿನ ಪಾಲು ಎಂಜಿನ್ನಿನ ಬಿಸಿಯಾಗಿಯೇ ಹೋಗುತ್ತದೆ, ಮೋಟರಿನಲ್ಲಿ ನಷ್ಟ ತುಂಬಾ ಕಡಿಮೆ. ಆದರೆ ಕಲ್ಲಿದ್ದಲಿನಿಂದ ಕರೆಂಟು ಮಾಡುವಲ್ಲೂ ತುಂಬಾ ಶಕ್ತಿ ಬಿಸಿಯಾಗಿ ಹೋಗುತ್ತದೆ, ಹಾಗಾಗಿ ಅದರ ಪಾಲು ಹೆಚ್ಚಿದಷ್ಟೂ ಸಾಲ ತೀರುವುದು ನಿಧಾನ.

ಕುಂಬಳೆಯಿಂದ ಮಂಗಳೂರಿಗೆ ದಿನಾ ಹೋಗಿಬರುವವರಿಗೆ ಇದು ಸರಿ. ವಾರಕ್ಕೊಮ್ಮೆ ಬದಿಯಡ್ಕ ಪೇಟೆಗೆ ಹೋಗುವವರು ಸುಮ್ನೆ ಹೊಸದು ಕೊಳ್ಳುವುದಕ್ಕಿಂತ ಇರುವ ಕಾರನ್ನೇ ಚೆನ್ನಾಗಿ ನೋಡಿಕೊಳ್ಳಲಿ. ಕಂಪನಿಗಳು ‘ಹೊಗೆಯೇ ಇಲ್ಲ’ ಎನ್ನುವುದು ಕಾರಿನ ಮಾತು, ಕರೆಂಟಿನದ್ದಲ್ಲ ಅಲ್ವಾ?

ಕೇರಳಕ್ಕೆ ಇಡುಕ್ಕಿಯ ನೀರಿನ ಕರೆಂಟು ಸಾಲುವುದಿಲ್ಲ, ಹೊರಗಿನಿಂದ ಕಲ್ಲಿದ್ದಲಿನದ್ದೂ ಬರುತ್ತದೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಅಂಬಲತ್ತರದಲ್ಲಿ 50 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ನಿಮ್ಮ ಮಾಡಿನ ಮೇಲೂ ಸೋಲಾರ್ ಇದ್ದರೆ ಹಗಲಲ್ಲೇ ಚಾರ್ಜ್ ಮಾಡಿ.